ಕೆರೆ ತೂಬಿನ ಹತ್ರ ಸಿಕ್ಕ ಶಾಸನ: ‘ಚಿತ್ರಭಾನು ಸಂವತ್ಸರ’ ಅಂತ ಮಾತ್ರ ಓದಾಕ್ ಬರ್ತದ, ಕಾಲ ಹೆಂಗ್ ಹೇಳೂದು?

ತೂಬಿನಕಟ್ಟೆ
ಹಾವೇರಿ ಜಿಲ್ಲಾದಾಗ ಒಂದು ಕೆರಿ ಹೂಳು ತೆಗಿಯುವಾಗ ತೂಬಿನ ಬಾಜೂಕ ಕಲ್ಲೊಂದು ಎದ್ದದ. ಎತ್ತರ ಐದಡಿ, ಅಗಲ ಎರಡಡಿ ಚಿಲ್ಲರೆ. ತಲೆಯೊಳಗ ಲಿಂಗ, ಆಕಳಾ-ಕರು, ಸೂರ್ಯ-ಚಂದ್ರ. ಕೆಳಗ 22 ಸಾಲು. ಅರ್ಧಕ್ಕರ್ಧ ಹಾವಸೆ ಮುಚ್ಯದ, ನಡುವ ಜೆಸಿಬಿ ಹಲ್ಲಿನ ಗೀರು.

ಬಿಡಿಬಿಡಿಯಾಗಿ ಓದಾಕ್ ಬರೂದು ಇಷ್ಟ: ‘...ತ್ರಿಭುವನಮಲ್ಲ...’, ‘...ನೆಯ ಚಿತ್ರಭಾನು ಸಂವತ್ಸರದ ಪುಷ್ಯ...’, ‘...ವಾರದಂದುತ್ತರಾಯಣ ಸಂಕ್ರ...’, ಕೊನೀಗೆ ‘ಕೆಱೆ’, ‘ಮತ್ತರು’. ವರ್ಷದ ಅಂಕಿ ಇರಬೇಕಾದ ಜಾಗಾನ ಒಡದದ.

ತೊಳಿಯೂದು ಹೆಂಗ? ಕಾಲ ಹೆಂಗ್ ತೆಗಿಯೂದು? ಈಗಾಗಲೇ ಯಾರರ ಪ್ರಕಟ ಮಾಡ್ಯಾರೇನು ಅಂತ ಎಲ್ಲಿ ನೋಡೂದು? ಊರಾಗ ‘ಕದಂಬರದು, ಸಾವಿರದೈನೂರು ವರ್ಷದ್ದು’ ಅಂತ ಪೇಪರಿಗೆ ಕೊಡಾಕ್ ತಯಾರಾಗ್ಯಾರ.

ಕಲ್ಲೋದು
ಪೇಪರಿನವರಿಗೆ ಒಂದು ವಾರ ಕಾಯಲಿಕ್ಕೆ ಹೇಳಿ. ಒಮ್ಮೆ ಅಚ್ಚಾದ ತಪ್ಪು ಕಾಲ ಆಮೇಲೆ ಪಂಚಾಯ್ತಿ ಬೋರ್ಡಿಗೂ ಏರುತ್ತದೆ, ಇಳಿಸೋಕಾಗಲ್ಲ.

ಅರೆಗನ್ನಡಿಗ
ತ್ರಿಭುವನಮಲ್ಲ ಅಂದ್ರೆ ಆರನೇ ವಿಕ್ರಮಾದಿತ್ಯ. ಮುಗೀತಲ್ಲ? 1076ರಿಂದ 1126. ಇದರಲ್ಲಿ ಚರ್ಚೆ ಮಾಡೋದೇನಿದೆ?

ಮಸಿಬಟ್ಟೆ
ಮೊದಲು ತೊಳೆಯುವ ವಿಷಯ, ಯಾಕಂದ್ರೆ ಹಾಳಾಗೋದು ಅಲ್ಲೇ.

ತಂತಿ ಬ್ರಷ್ ಬೇಡ. ಆಸಿಡ್, ಬ್ಲೀಚಿಂಗ್ ಪೌಡರ್, ಸೋಪಿನ ಪುಡಿ ಯಾವುದೂ ಬೇಡ. ನೀರು ಚಿಮುಕಿಸಿ ಅರ್ಧ ಗಂಟೆ ನೆನೆಯಲು ಬಿಡಿ, ಆಮೇಲೆ ನಾರಿನ ಬ್ರಷ್ ಅಥವಾ ಮೆತ್ತನೆಯ ನೈಲಾನ್ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ. ಅಕ್ಷರದ ಗುಳಿಯಲ್ಲಿ ಕೂತ ಮಣ್ಣಿಗೆ ಬಿದಿರು ಕಡ್ಡಿ. ಮೊಳೆ, ಚಾಕು, ಸೂಜಿ ಮುಟ್ಟಿಸಬೇಡಿ. ಬಳಪದ ಕಲ್ಲಾದರೆ ಉಗುರಿಗೇ ಗೀರು ಬೀಳುತ್ತದೆ. ಹಾವಸೆ ಒಂದೇ ದಿನಕ್ಕೆ ಬಿಡದಿದ್ದರೆ ಮಾರನೇ ದಿನ ಮತ್ತೆ ನೆನೆಸಿ. ಕಿತ್ತು ತೆಗೆದರೆ ಕಲ್ಲಿನ ಹೊಟ್ಟೂ ಅದರ ಜೊತೆ ಬರುತ್ತದೆ.

ಎಣ್ಣೆ, ಅರಿಶಿನ ಹಚ್ಚಿ ಪೂಜೆ ಶುರುವಾಗುವ ಮೊದಲೇ ಫೋಟೋ ಮುಗಿಸಿ. ಎಣ್ಣೆ ಕುಡಿದ ಕಲ್ಲಿನ ಮೇಲೆ ಅಚ್ಚು ತೆಗೆಯುವ ಕಾಗದ ಕೂರಲ್ಲ.

ಊರಗೌಡ್ರಹಟ್ಟಿ
ಚಾಕ್‌ಪೀಸ್ ಉಜ್ಜಿದ್ರೆ ಎರಡೇ ನಿಮಿಷ, ಅಕ್ಷರ ಫಳಫಳ ಅಂತ ಕಾಣುತ್ತೆ. ಎಲ್ಲರೂ ಅದನ್ನೇ ಮಾಡ್ತಾರೆ.

ಮಸಿಬಟ್ಟೆ
ಎಲ್ಲರೂ ಮಾಡ್ತಾರೆ, ಅದೇ ತೊಂದರೆ. ಚಾಕ್‌ಪೀಸ್ ಹಿಡಿದವನು ತನಗೆ ಕಂಡ ಅಕ್ಷರವನ್ನು ತಿದ್ದುತ್ತಾನೆ, ಕಲ್ಲಿನಲ್ಲಿರೋದನ್ನಲ್ಲ. ಹಳೆಯ ಲಿಪಿಯಲ್ಲಿ ‘ಪ’, ‘ವ’, ‘ಮ’ ಮೂರಕ್ಕೂ ವ್ಯತ್ಯಾಸ ಒಂದು ಸಣ್ಣ ಬಾಗು, ಒಂದು ಕೊಂಡಿ. ಅದನ್ನು ಬಿಳಿ ಗೆರೆಯಲ್ಲಿ ಮುಚ್ಚಿದ ಮೇಲೆ ಫೋಟೋ ನೋಡುವ ಹತ್ತು ಜನರೂ ಅವನ ಓದನ್ನೇ ಓದುತ್ತಾರೆ. ಕಲ್ಲನ್ನು ಯಾರೂ ಓದಿದ ಹಾಗಾಗಲ್ಲ.

ಬದಲಿಗೆ ರಾತ್ರಿ ಟಾರ್ಚ್. ಕಲ್ಲಿನ ಮುಖಕ್ಕೆ ಹೆಚ್ಚೂಕಮ್ಮಿ ಸಮಾನಾಂತರವಾಗಿ, ಪಕ್ಕದಿಂದ ಬೆಳಕು ಹಾಯಿಸಿ. ಎಡದಿಂದೊಂದು, ಬಲದಿಂದೊಂದು, ಮೇಲಿಂದೊಂದು, ಕೆಳಗಿಂದೊಂದು ಫೋಟೋ. ಕ್ಯಾಮೆರಾ ಅಲ್ಲಾಡಬಾರದು, ಬೆಳಕು ಮಾತ್ರ ಜಾಗ ಬದಲಿಸಬೇಕು. ಅಡ್ಡ ಗೆರೆ ಎಡಬಲದ ಬೆಳಕಿನಲ್ಲಿ ಮಾಯ, ಉದ್ದ ಗೆರೆ ಮೇಲಿನ ಬೆಳಕಿನಲ್ಲಿ ಮಾಯ. ಅದಕ್ಕೇ ನಾಲ್ಕೂ ಬೇಕು. ಪಕ್ಕದಲ್ಲೊಂದು ಅಳತೆಪಟ್ಟಿ ಇಡಿ.

ಮೂರಾಯಾಮ
ಮೊಬೈಲ್‌ನಲ್ಲೇ 3ಡಿ ಮಾದರಿನೂ ಮಾಡಬಹುದು. ಮೋಡದ ದಿನ ಅಥವಾ ನೆರಳಿನಲ್ಲಿ, ಒಂದರ ಮೇಲೊಂದು ಮುಕ್ಕಾಲು ಭಾಗ ಬರುವ ಹಾಗೆ 60-80 ಫೋಟೋ. ಮೆಶ್‌ರೂಮ್ ಅಂತ ಪುಕ್ಕಟೆ ತಂತ್ರಾಂಶ ಇದೆ. ಬಣ್ಣ ತೆಗೆದು ಬರೀ ಮೇಲ್ಮೈ ಇಟ್ಟುಕೊಂಡು ಬೆಳಕನ್ನು ಹೇಗೆ ಬೇಕೋ ಹಾಗೆ ತಿರುಗಿಸಿ ನೋಡಬಹುದು. ಬೆಂಗಳೂರಿನ ಶಾಸನಗಳಿಗೆ ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡಿಸುತ್ತಿರೋದು ಇದೇ ಕಾರಣಕ್ಕೆ. ಕಲ್ಲು ನಾಳೆ ರಸ್ತೆ ಅಗಲೀಕರಣಕ್ಕೆ ಹೋದರೂ ಓದು ಉಳಿಯುತ್ತೆ.

ಫ್ಲ್ಯಾಶ್ ಮಾತ್ರ ಹಾಕಬೇಡಿ, ಎದುರಿನಿಂದ ಬೆಳಕು ಬಿದ್ದರೆ ಅಕ್ಷರ ಚಪ್ಪಟೆ.

ಪಂಚಾಂಗದಕಟ್ಟು
@ಅರೆಗನ್ನಡಿಗ ಮುಗಿದಿಲ್ಲ ಸ್ವಾಮಿ. ತ್ರಿಭುವನಮಲ್ಲ ಅನ್ನೋದು ಬಿರುದು, ಒಬ್ಬರಪ್ಪನ ಸ್ವತ್ತಲ್ಲ. ಐದನೇ ವಿಕ್ರಮಾದಿತ್ಯನಿಗೂ ಇತ್ತು, ನಾಲ್ಕನೇ ಸೋಮೇಶ್ವರನಿಗೂ ಇತ್ತು, ಕಳಚುರಿ ಬಿಜ್ಜಳನೂ ಇಟ್ಟುಕೊಂಡ, ಹೊಯ್ಸಳರೂ ಬಳಸಿದರು.

ಈಗ ಸಂವತ್ಸರದ ಲೆಕ್ಕ. ಗತಶಕ (ಕಳೆದು ಮುಗಿದ ಶಕ) ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷ ಬಂದಷ್ಟನೇ ಸಂವತ್ಸರ. ಪ್ರಭವ 1, ಚಿತ್ರಭಾನು 16. ತಿರುಗಿಸಿ ಹಾಕಿದರೆ ಚಿತ್ರಭಾನು ಬೀಳೋದು ಶಕ 964, 1024, 1084, 1144ರಲ್ಲಿ. ಅಂದರೆ ಕ್ರಿ.ಶ. 1042, 1102, 1162, 1222. ಬಾಯಿಲೆಕ್ಕ ಬೇಕಾದರೆ, ಮೊನ್ನೆ ಚಿತ್ರಭಾನು ಬಂದಿದ್ದು 2002ರಲ್ಲಿ. ಅಲ್ಲಿಂದ 60-60 ಕಳೆಯುತ್ತಾ ಹೋಗಿ.

1042ರಲ್ಲಿ ಕಲ್ಯಾಣದಲ್ಲಿ ಒಂದನೇ ಸೋಮೇಶ್ವರ, ಅವನು ತ್ರೈಲೋಕ್ಯಮಲ್ಲ. 1222ರ ಹೊತ್ತಿಗೆ ಚಾಲುಕ್ಯರೇ ಇಲ್ಲ. ಐದನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಚಿತ್ರಭಾನು ಬರೋದೇ ಇಲ್ಲ, ನಾಲ್ಕನೇ ಸೋಮೇಶ್ವರನದ್ದರಲ್ಲೂ ಇಲ್ಲ. ಆ ಕಡೆ ಹೊಯ್ಸಳರ ಸಾಧ್ಯತೆ ಕಡಿಮೆ ಅಂತ ಬಿಟ್ಟರೆ ಉಳಿಯೋದು ಎರಡು: 1102, ಆರನೇ ವಿಕ್ರಮಾದಿತ್ಯ. 1162, ಬಿಜ್ಜಳ. ಎರಡೂ ಗಟ್ಟಿ.

ಅರೆಗನ್ನಡಿಗ
ಬಿಜ್ಜಳನ ಲೆಕ್ಕ ತಲೆಗೆ ಬಂದಿರಲಿಲ್ಲ. ಒಪ್ಪಿದೆ. ಆದರೆ ಲಿಪಿ ನೋಡಿ ಹೇಳಬಹುದಲ್ಲ?

ಕಲ್ಲೋದು
60 ವರ್ಷದ ಅಂತರ ಲಿಪಿಯಿಂದ ಹೇಳಲಿಕ್ಕಾಗಲ್ಲ. ಅಜ್ಜನ ಹತ್ರ ಕಲಿತ ರೂವಾರಿ (ಕಲ್ಲು ಕೆತ್ತುವವನು) ಮೊಮ್ಮಗನ ಕಾಲಕ್ಕೂ ಅದೇ ಕೈ ಬಿಡಿಸುತ್ತಾನೆ. ಲಿಪಿ ಹೇಳೋದು ಶತಮಾನ, ಅದೂ ಆಚೀಚೆ ಐವತ್ತು ವರ್ಷ ಬಿಟ್ಟು. ಹಲ್ಮಿಡಿಯಲ್ಲಿ ತೇದಿ ಇಲ್ಲದ್ದಕ್ಕೇ ಅಲ್ಲವೇ, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದಾಗಿಂದ ಇವತ್ತಿನವರೆಗೂ ಜಗಳ ನಿಂತಿಲ್ಲ. ಅದೇ ಬಾದಾಮಿ ಬಂಡೆಯ ಮೇಲೆ ಒಂದನೇ ಪುಲಕೇಶಿ ಶಕ 465 ಅಂತ ಬರೆಸಿಟ್ಟ, 543ರ ಬಗ್ಗೆ ಯಾರೂ ತಕರಾರು ಮಾಡಲ್ಲ.

ಊರಗೌಡ್ರಹಟ್ಟಿ
ಅಂದ್ರೆ ಕದಂಬರದ್ದಲ್ಲ ಅಂತ ಖಾತ್ರಿ ಆಯ್ತು.

ಸಂಪುಟ_ಹದಿನೆಂಟು
ಬನವಾಸಿಯ ಹಳೇ ಕದಂಬರದ್ದಲ್ಲ. ಆದರೆ ಊರಿನವರ ಮಾತು ಪೂರ್ತಿ ಗಾಳಿಯಲ್ಲಿ ಬಂದದ್ದೂ ಇರಲಿಕ್ಕಿಲ್ಲ. ಆ ಭಾಗದಲ್ಲಿ ಚಾಲುಕ್ಯರ ಮಾಂಡಲಿಕರಾಗಿ ಹಾನಗಲ್ಲ ಕದಂಬರು ಇದ್ದರು, ‘ಬನವಾಸಿಪುರವರಾಧೀಶ್ವರ’ ಅಂತಲೇ ಬರೆಸಿಕೊಳ್ಳುತ್ತಿದ್ದರು. ಚಕ್ರವರ್ತಿಯ ಹೊಗಳಿಕೆ ಮುಗಿದು ‘ತತ್ಪಾದಪದ್ಮೋಪಜೀವಿ’ (ಅವನ ಪಾದಕಮಲ ನಂಬಿ ಬದುಕುವವನು) ಅಂತ ಬರುತ್ತಲ್ಲ, ಅದರ ಮುಂದಿನ ಒಂದೆರಡು ಸಾಲು ಬಿಡಿಸಿ. ಮಾಂಡಲಿಕ ಅಲ್ಲೇ ಸಿಗುತ್ತಾನೆ.

ಬಿಜ್ಜಳನೋ ವಿಕ್ರಮಾದಿತ್ಯನೋ ಅನ್ನೋದಕ್ಕೂ ಪ್ರಶಸ್ತಿಯನ್ನೇ, ಅಂದರೆ ರಾಜನ ಹೊಗಳಿಕೆಯ ಸಾಲುಗಳನ್ನೇ, ಕೇಳಬೇಕು. ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ... ಸತ್ಯಾಶ್ರಯಕುಳತಿಳಕಂ ಚಾಳುಕ್ಯಾಭರಣಂ’ ಅಂತಿದ್ದರೆ ಚಾಲುಕ್ಯ. ‘ಕಾಳಂಜರಪುರವರಾಧೀಶ್ವರ’, ‘ಸುವರ್ಣವೃಷಭಧ್ವಜ’, ‘ಭುಜಬಳ’ ಇಂಥದ್ದು ಕಂಡರೆ ಕಳಚುರಿ. ಪೂರ್ತಿ ಓದೋ ಅಗತ್ಯ ಇಲ್ಲ, ‘ಕುಳತಿ’ ಅಥವಾ ‘ಕಾಳಂ’ ಅಂತ ಎರಡು-ಮೂರಕ್ಷರ ಸಿಕ್ಕರೆ ಸಾಕು.

ಪ್ರಕಟವಾಗಿದೆಯಾ ಅಂತ ಹುಡುಕೋದು: ಎಪಿಗ್ರಾಫಿಯಾ ಕರ್ನಾಟಿಕಾ ಶಾಸನ ಸಂಪುಟಗಳಲ್ಲಿ ಹುಡುಕಿ ಸುಸ್ತಾಗಬೇಡಿ. ಅದರಲ್ಲಿ ಬಿ.ಎಲ್. ರೈಸ್ ಅವರ 12 ಸಂಪುಟಗಳು ಹಳೇ ಮೈಸೂರು ಸಂಸ್ಥಾನ, ಕೊಡಗಿಗೆ ಸೇರಿದ್ದು. ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆ, ಅದಕ್ಕೂ ಹಿಂದೆ ಮುಂಬಯಿ ಪ್ರಾಂತ. ಹಾಗಾಗಿ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 11, 15, 18, 20. ಜೊತೆಗೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಪುಟಗಳು. ಅಲ್ಲೂ ಇಲ್ಲದಿದ್ದರೆ ಕೇಂದ್ರ ಶಾಸನ ಇಲಾಖೆಯ ವಾರ್ಷಿಕ ವರದಿಗಳ ಪಟ್ಟಿ. ಆ ಪಟ್ಟಿಯಲ್ಲಿ ಪಾಠ ಇರಲ್ಲ, ‘ಇಂಥ ಊರು, ಇಂಥ ರಾಜ, ಕೆರೆಗೆ ದಾನ’ ಅಂತ ಎರಡು ಸಾಲು. ಪಾಠ ಬೇಕಾದರೆ ಮೈಸೂರಿನ ಶಾಸನ ವಿಭಾಗಕ್ಕೆ ಆ ನಂಬರು ಹಿಡಿದು ಬರೆಯಬೇಕು.

ಊರಿನ ಹೆಸರಿನಲ್ಲಿ ಎಡವುತ್ತೀರಿ, ಎಚ್ಚರ. ಹಳೇ ವರದಿಗಳ ಇಂಗ್ಲಿಷ್ ಕಾಗುಣಿತ ದೇವರಿಗೇ ಪ್ರೀತಿ. ತಾಲೂಕು ಬದಲಾಗಿರುತ್ತೆ, ಬೇಚಿರಾಕ್ (ಜನ ಬಿಟ್ಟುಹೋದ) ಊರಿನ ಹೆಸರಿನಲ್ಲೂ ದಾಖಲಾಗಿರಬಹುದು. ಕೆರೆಯ ಸರ್ವೆ ನಂಬರ್ ಯಾವ ಗ್ರಾಮಕ್ಕೆ ಸೇರಿದೆ ನೋಡಿ, ಸುತ್ತಲಿನ ನಾಲ್ಕೈದು ಊರಿನ ಹೆಸರಲ್ಲೂ ಹುಡುಕಿ.

ಹೊನ್ನುಗದ್ಯಾಣ
ಶಕವರ್ಷವನ್ನು ಇಸವಿಗೆ ತಿರುಗಿಸುವಾಗ ‘ಪುಷ್ಯ’ ಇದ್ದರೆ 78 ಅಲ್ಲ, 79 ಕೂಡಿಸಬೇಕು. ಪುಷ್ಯ-ಮಾಘ-ಫಾಲ್ಗುಣ ಅಂದರೆ ಜನವರಿಯಿಂದ ಮಾರ್ಚ್. ಹಾಗಾಗಿ 1103 ಅಥವಾ 1163 ಆಗಬೇಕು.

ಪಂಚಾಂಗದಕಟ್ಟು
ನಿಯಮ ಸರಿ, ಇಲ್ಲಿಗೆ ಹಾಕಿದ್ದು ತಪ್ಪು. ಉತ್ತರಾಯಣ ಸಂಕ್ರಾಂತಿ ಈಗ ಜನವರಿ 14-15. 12ನೇ ಶತಮಾನದಲ್ಲಿ, ಆಗಿನ ಜೂಲಿಯನ್ ಲೆಕ್ಕದಲ್ಲಿ, ಅದು ಡಿಸೆಂಬರ್ 24-25ಕ್ಕೆ ಬೀಳುತ್ತಿತ್ತು. ಹಾಗಾಗಿ ಪುಷ್ಯವಾದರೂ ಇಸವಿ ಇನ್ನೂ ತಿರುಗಿಲ್ಲ. 78ನ್ನೇ ಕೂಡಿಸಿ. ಪುಷ್ಯ ಬಹುಳದ ಕೊನೆಯಲ್ಲಿ ಬೇರೆ ಯಾವುದೋ ತಿಥಿಯಾಗಿದ್ದರೆ ನಿಮ್ಮ ಮಾತು ನಿಲ್ಲುತ್ತಿತ್ತು.

ಹಳೇ ತೇದಿಗಳನ್ನು ಗ್ರೆಗೋರಿಯನ್‌ಗೆ ತಿರುಗಿಸೋಕೂ ಹೋಗಬೇಡಿ. ಹಳೇ ತೇದಿ ತಾಳೆ ನೋಡಲು ಬಳಸುವ ಸ್ವಾಮಿಕಣ್ಣು ಪಿಳ್ಳೈ ಅವರ ಎಫಿಮೆರಿಸ್ (ಪಂಚಾಂಗ) ಕೋಷ್ಟಕದ ಜೊತೆ ಯಾವುದೂ ತಾಳೆಯಾಗಲ್ಲ.

ಹೊನ್ನುಗದ್ಯಾಣ
ಸರಿ ಸರಿ, ಸಂಕ್ರಾಂತಿ ಸರಿದದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಗಾದರೆ ವಾರ ಸಿಕ್ಕರೆ ಕೆಲಸ ಮುಗೀತು ಅಲ್ವಾ?

ಪಂಚಾಂಗದಕಟ್ಟು
ಅದೇ ಕೀಲಿ. 1102ರ ಡಿಸೆಂಬರ್ 24 ಬುಧವಾರ, 25 ಗುರುವಾರ. 1162ರಲ್ಲಿ 24 ಸೋಮವಾರ, 25 ಮಂಗಳವಾರ. ಒಂದಕ್ಕೊಂದು ತಾಗೋದೇ ಇಲ್ಲ.

ಶಾಸನದಲ್ಲಿ ವಾರದ ಹೆಸರು ಈಗಿನಂತಿರಲ್ಲ. ಗುರುವಾರಕ್ಕೆ ‘ಬೃಹಸ್ಪತಿವಾರ’, ಅದನ್ನು ‘ಬ್ರಿಹವಾರ’, ‘ಬೃಹವಾರ’ ಅಂತೆಲ್ಲ ಬರೆದಿರುತ್ತಾರೆ. ಭಾನುವಾರಕ್ಕೆ ‘ಆದಿತ್ಯವಾರ’, ‘ಆದಿವಾರ’. ‘ವಡ್ಡವಾರ’ ಅಂತ ಕಂಡರೆ ಗಾಬರಿ ಬೀಳಬೇಡಿ, ಅದು ಶನಿವಾರ.

ತೂಬಿನಕಟ್ಟೆ
‘...ನೆಯ ಚಿತ್ರಭಾನು’ ಅನ್ನೂದರ ಹಿಂದ ‘ವರ್ಷದ’ ಅನ್ನೂದರ ಬಾಲ ಕಾಣತದ. ಶಕವರ್ಷ ಇರಬಹುದು, ಚಾಳುಕ್ಯ ವಿಕ್ರಮವರ್ಷ ಇರಬಹುದು?

ಪಂಚಾಂಗದಕಟ್ಟು
ಎರಡೂ ಇರಬಹುದು. ಆರನೇ ವಿಕ್ರಮಾದಿತ್ಯ ಶಕವರ್ಷ ಬದಿಗಿಟ್ಟು ತನ್ನ ಹೆಸರಿನದೇ ಶುರು ಮಾಡಿದ, ಮೊದಲ ವರ್ಷ 1076ರ ನಳ ಸಂವತ್ಸರ. ವಿಕ್ರಮವರ್ಷಕ್ಕೆ 1075 ಕೂಡಿಸಿದರೆ ಇಸವಿ. ಇಟಗಿಯ ಮಹಾದೇವ ದೇವಾಲಯದ್ದು 37ನೆಯ ವರ್ಷ, ಅಂದರೆ 1112, ನಂದನ ಸಂವತ್ಸರ. ನಿಮ್ಮದು 1102 ಆಗಿದ್ದರೆ 27ನೆಯ ವರ್ಷ ಅಂತಿರಬೇಕು. ಒಡೆದ ಜಾಗದಲ್ಲಿ ಎಷ್ಟು ಅಕ್ಷರ ಹಿಡಿಸುತ್ತೆ ಅಂತ ಅಳೆಯಿರಿ. ಅಂಕಿಯಲ್ಲಿ ‘27’ ಎರಡೇ ಜಾಗ, ‘ಸಕವರ್ಷ 1084’ ಅಂದರೆ ಹೆಚ್ಚು ಬೇಕು. ಮೇಲಿನ-ಕೆಳಗಿನ ಸಾಲಿನ ಅಕ್ಷರ ಎಣಿಸಿದರೆ ಅಂದಾಜು ಸಿಗುತ್ತೆ.

ಅರೆಗನ್ನಡಿಗ
ಶಕವೂ ಸಂವತ್ಸರವೂ ಇದ್ದು ಎರಡೂ ತಾಳೆಯಾಗದಿದ್ದರೆ ಯಾವುದನ್ನು ನಂಬೋದು?

ಪಂಚಾಂಗದಕಟ್ಟು
ಸಾಮಾನ್ಯವಾಗಿ ಸಂವತ್ಸರ. ದಿನಬಳಕೆಯಲ್ಲಿದ್ದದ್ದು ಹೆಸರು, ಅಂಕಿಯಲ್ಲಿ ಒಂದು ವರ್ಷ ಆಚೀಚೆ ಆಗೋದು ಮಾಮೂಲು. ಹಂಪಿ ವಿರೂಪಾಕ್ಷ ಗುಡಿಯ ಕೃಷ್ಣದೇವರಾಯನ ಶಾಸನವನ್ನೇ ನೋಡಿ: ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14. ಸೂತ್ರ ಹಾಕಿದರೆ 1430 ವಿಭವ, ಶುಕ್ಲ ಬರೋದು 1431ಕ್ಕೆ. ಶುಕ್ಲ ಹಿಡಿದರೆ 1510ರ ಜನವರಿ. ಶಕ ಹಿಡಿದರೆ ಒಂದು ವರ್ಷ ಹಿಂದೆ.

ಎಲ್ಲ ತಾಳೆಯಾದರೆ ಅದರ ಖುಷಿನೇ ಬೇರೆ. ಬೇಲೂರು ಚೆನ್ನಕೇಶವ ಪ್ರತಿಷ್ಠೆ ಶಕ 1039, ಹೇವಿಳಂಬಿ, ಚೈತ್ರ ಶುದ್ಧ 5, ಶನಿವಾರ. 1117ರ ಮಾರ್ಚ್ 10 ಶನಿವಾರವೇ.

ಊರಗೌಡ್ರಹಟ್ಟಿ
ಎಲ್ಲ ಸರಿಯಾಗಿ ತಾಳೆಯಾದರೆ ಅಸಲಿ ಅಂತ ಅರ್ಥವೇ?

ಕಲ್ಲೋದು
ಕಲ್ಲಿಗೆ ಬಹುಮಟ್ಟಿಗೆ ಹೌದು, ತಾಮ್ರಪಟಕ್ಕೆ ಅಲ್ಲ. ಕಲ್ಲು ಊರ ಮಧ್ಯೆ ನಿಂತಿರುತ್ತೆ. ತಾಮ್ರಪಟ ಮನೆಯ ಪೆಟ್ಟಿಗೆಯಲ್ಲಿರುತ್ತೆ, ಜಮೀನಿನ ವ್ಯಾಜ್ಯ ಬಂದಾಗ ‘ಹಳೇದು’ ಹುಟ್ಟಿಕೊಳ್ಳುತ್ತೆ. ಗಂಗರ ಹೆಸರಿನ ಎಷ್ಟೋ ಪಟಗಳನ್ನು ಶಾಸನತಜ್ಞ ಫ್ಲೀಟ್ ಖೋಟಾ ಅಂತ ತೆಗೆದುಹಾಕಿದ್ದು ಇದಕ್ಕೇ. ಮಡಿಕೇರಿ ತಾಮ್ರಪಟದಲ್ಲಿ 388 ಅಂತಿದೆ, ಶಕ ಅಂತ ಹಿಡಿದರೆ 466. ಲಿಪಿ ನೋಡಿದರೆ ಎಷ್ಟೋ ಶತಮಾನ ಈಚಿನದು. ಹೇಳಿದ ಕಾಲ ಒಂದು, ಬರೆದ ಕೈ ಇನ್ನೊಂದು.

ಬೆಂದಕಾಳು
ವಿಷಯಾಂತರಕ್ಕೆ ಕ್ಷಮೆ ಇರಲಿ. ಶಾಸನ ಓದೋರು ‘ಬೆಂದಕಾಳೂರು’ ಕಥೆಗೆ ಏನಂತೀರಿ?

ಸಂಪುಟ_ಹದಿನೆಂಟು
ಬೇಗೂರಿನ ವೀರಗಲ್ಲಿನಲ್ಲಿ, 9ನೇ ಶತಮಾನದ ಕೊನೆಯ ಹೊತ್ತಿಗೇ, ‘ಬೆಂಗಳೂರ ಕಾಳೆಗ’ ಇದೆ. ವೀರಬಲ್ಲಾಳ ಕಾಳು ತಿನ್ನೋ ಮೊದಲೇ ಊರಿಗೆ ಹೆಸರಿತ್ತು. ಬನ್ನಿ, ಕೆರೆಗೆ ವಾಪಸ್ ಹೋಗೋಣ.

ಮಸಿಬಟ್ಟೆ
ಕಾಗದದ ಮೇಲೆ ಅಕ್ಷರದ ಅಚ್ಚು ತೆಗೆಯೋದು ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ, ಜೆಸಿಬಿ ಗೀರಿನ ಜಾಗಕ್ಕೆ ಫೋಟೋಗಿಂತ ಅದೇ ವಾಸಿ.

ಬೆಳಿಗ್ಗೆ ಗಾಳಿ ಏಳುವ ಮೊದಲು ಶುರು ಮಾಡಿ. ಕಲ್ಲು ಒದ್ದೆ ಮಾಡಿ, ಅಚ್ಚಿನ ಕಾಗದವನ್ನು ನೀರಿನಲ್ಲಿ ಅದ್ದಿ ಮೇಲಿಂದ ಇಳಿಬಿಡಿ. ನಡುವಿನಿಂದ ಅಂಚಿಗೆ ಬ್ರಷ್ ಎಳೆದು ಗಾಳಿಗುಳ್ಳೆ ಹೊರಗೆ ತಳ್ಳಿ. ಆಮೇಲೆ ಗಟ್ಟಿ ಬ್ರಷ್‌ನಿಂದ ನೇರವಾಗಿ ಕುಟ್ಟಬೇಕು, ಉಜ್ಜಬಾರದು. ಕಾಗದ ಅಕ್ಷರದ ಗುಳಿಯೊಳಗೆ ಇಳಿದು ಕೂರುವ ತನಕ. ಹರಿದರೆ ಸಣ್ಣ ತುಂಡು ಒದ್ದೆ ಮಾಡಿ ಮೇಲೇ ಅಂಟಿಸಿ ಕುಟ್ಟಿ. ಎರಡು ಹಾಳೆ ಬೇಕಾದರೆ ಎರಡು ಬೆರಳಗಲ ಒಂದರ ಮೇಲೊಂದು.

ಮಸಿಗೆ ದೀಪದ ಕಾಡಿಗೆ, ರಾತ್ರಿ ನೆನೆಸಿದ ಗೋಂದು, ನೀರು. ಗೋಂದು ಜಾಸ್ತಿಯಾದರೆ ಕಾಗದ ಅಂಟಂಟು, ಕಮ್ಮಿಯಾದರೆ ಒಣಗಿದ ಮೇಲೂ ಕೈಗೆ ಹತ್ತುತ್ತೆ. ಹತ್ತಿ ತುಂಬಿದ ಬಟ್ಟೆ ಉಂಡೆಗೆ ಮಸಿ ತಾಗಿಸಿ, ಮೊದಲು ತಟ್ಟೆಗೆ ಒತ್ತಿ ಹೆಚ್ಚಿನದು ಕಳೆದು, ಆಮೇಲೆ ಕಾಗದಕ್ಕೆ ಮೆಲ್ಲಗೆ ತಟ್ಟಿ. ಕಾಗದ ಯಾವಾಗ ಹದ ಅಂದರೆ, ಬೆರಳಿಟ್ಟರೆ ತಂಪು ಇರಬೇಕು, ಬೆರಳು ಒದ್ದೆ ಆಗಬಾರದು. ಬೇಗ ತಟ್ಟಿದರೆ ಮಸಿ ಹರಡಿ ಗುಳಿಯೊಳಗೂ ಇಳಿಯುತ್ತೆ. ತಡವಾದರೆ ಕಾಗದ ಕಲ್ಲು ಬಿಟ್ಟು ಏಳುತ್ತೆ. ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಬಂದರೆ ಗೆದ್ದಿರಿ. ಪೂರ್ತಿ ಒಣಗಿದ ಮೇಲೆ ಮೇಲಿನ ಮೂಲೆಯಿಂದ ಬಿಡಿಸಿ.

ಇಲಾಖೆಯ ರಕ್ಷಿತ ಸ್ಮಾರಕವಾದರೆ ಅನುಮತಿ ಇಲ್ಲದೆ ಇದ್ಯಾವುದೂ ಬೇಡ.

ಕಲ್ಲೋದು
ಅಕ್ಷರ ಗುರುತಿಗೆ ಒಂದು ಉಪಾಯ. ಶಾಸನದ ತುದಿಯಲ್ಲಿ ಹೆಚ್ಚಾಗಿ ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ’ ಅನ್ನೋ ಶಾಪಶ್ಲೋಕ ಇರುತ್ತೆ. ತಲೆಯಲ್ಲಿ ‘ನಮಸ್ತುಂಗ ಶಿರಶ್ಚುಂಬಿ’. ಎರಡೂ ಬಾಯಿಗೆ ಬರುವಂಥವು. ಮೊದಲು ಅವನ್ನು ಕಲ್ಲಿನಲ್ಲಿ ಹುಡುಕಿ, ಒಂದೊಂದು ಅಕ್ಷರವನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ರೂವಾರಿಯ ಕೈಬರಹದ ಅರ್ಧ ವರ್ಣಮಾಲೆ ಸಿಕ್ಕಂತೆ. ಅದನ್ನು ಹಿಡಿದು ನಡುವಿನ ಸಾಲಿಗೆ ಹೋಗಿ.

ಬರೆದುಕೊಳ್ಳುವಾಗ ಸ್ಪಷ್ಟವಾಗಿ ಕಂಡದ್ದನ್ನು ಹಾಗೇ, ಸವೆದು ಅನುಮಾನವಾದದ್ದನ್ನು ಚೌಕ ಕಂಸದಲ್ಲಿ, ಹೋದದ್ದಕ್ಕೆ ಅಕ್ಷರಕ್ಕೊಂದು ಚುಕ್ಕಿ. ಕಾಗುಣಿತ ತಿದ್ದಬೇಡಿ. ‘ಸಕ’ ಅಂತಿದ್ದರೆ ‘ಸಕ’ವೇ. ಎತ್ವ, ಒತ್ವಗಳ ದೀರ್ಘ ಬೇರೆ ತೋರಿಸಿರಲ್ಲ, ನೀವೇ ಹಾಕಿಕೊಂಡು ಪದ ಹುಟ್ಟಿಸಬೇಡಿ.

ಊರಗೌಡ್ರಹಟ್ಟಿ
ಮತ್ತರು ಅಂದರೆ ಎಷ್ಟು ಎಕರೆ? ಅದಾದರೂ ಹೇಳಿ, ಊರಲ್ಲಿ ಮೊದಲು ಕೇಳೋದೇ ಅದನ್ನು.

ಸಂಪುಟ_ಹದಿನೆಂಟು
ಎಕರೆಗೆ ಇಳಿಸಲಿಕ್ಕೆ ಹೋಗಬೇಡಿ. ಅಳೆದ ಗಳೆಯ (ಅಳತೆಕೋಲಿನ) ಮೇಲೆ ಮತ್ತರು ನಿಂತಿರುತ್ತೆ, ಸೀಮೆಗೊಂದು ಗಳೆ. ಯಾವ ಗಳೆ ಅಂತ ಶಾಸನದಲ್ಲೇ ಹೇಳಿರುತ್ತಾರೆ, ಆ ಪದ ಬಿಡದೆ ಬರೆದುಕೊಳ್ಳಿ. ಮತ್ತರಿಗಿಂತ ಸಣ್ಣ ಅಳತೆ ಕಮ್ಮ. ದಾನ ಪಡೆದವರ ಹೆಸರು ‘ಶಕ್ತಿ’, ‘ರಾಶಿ’ ಅಂತ ಮುಗಿದರೆ ಕಾಳಾಮುಖ ಶೈವ ಪಂಥದವರು, ಆ ಕಾಲದ ಆ ಸೀಮೆಗೆ ಸಹಜ. ‘ಬಿತ್ತುವಟ್ಟ’ ಅಂತ ಏನಾದರೂ ಕಂಡರೆ ಕೆರೆ ಕೆಲಸಕ್ಕೆ ಬಿಟ್ಟ ಜಮೀನು.

ತೂಬಿನಕಟ್ಟೆ
ಟಾರ್ಚ್ ಹಿಡಿದು ನೋಡಿದ್ದಾತು. ‘ಕುಳತಿ’ ಸಿಕ್ತು, ಅದರ ಮುಂದ ‘ಚಾಳು’ ಅಂತ ಅರ್ಧ. ವಾರದ ಹಿಂದ ಮೊದಲನೇ ಅಕ್ಷರ ‘ಬ’, ಅದರ ಕೆಳಗ ಕೊಂಡಿ. ‘ಬು’ನೋ ‘ಬೃ’ನೋ ಗೊತ್ತಾಗವಲ್ದು. ಮುಂದಿಂದು ಜೆಸಿಬಿ ಬಾಯಾಗ ಹೋಗೇದ.

ಪಂಚಾಂಗದಕಟ್ಟು
ಬುಧವಾರವೋ ಬೃಹಸ್ಪತಿವಾರವೋ ಅನ್ನೋ ಜಗಳವೇ ಬೇಡ, ಎರಡೂ 1102ರ ಪಾಲಿಗೇ. ಆ ವರ್ಷದ ಸಂಕ್ರಮಣ ಸೂರ್ಯಸಿದ್ಧಾಂತದ ಲೆಕ್ಕದಲ್ಲಿ ಬುಧವಾರ ಕಳೆದು ಗುರುವಾರ ಹಿಡಿಯುವ ನಡುರಾತ್ರಿಯ ಸುಮಾರಿಗೆ ಬೀಳುತ್ತೆ, ಹಾಗಾಗಿ ಬರೆಸಿದವರೇ ಯಾವುದನ್ನು ಹಿಡಿದರೋ. 1162ಕ್ಕೆ ‘ಸೋ’ ಅಥವಾ ‘ಮಂ’ ಬೇಕಿತ್ತು.

ಅರೆಗನ್ನಡಿಗ
ಕೊನೆಗೂ ಆರನೇ ವಿಕ್ರಮಾದಿತ್ಯನೇ ತಾನೇ! ಮೊದಲ ಉತ್ತರ ನಂದೇ.

ಪಂಚಾಂಗದಕಟ್ಟು
ಉತ್ತರ ಸರಿ, ಲೆಕ್ಕ ತೋರಿಸಿರಲಿಲ್ಲ. ಮಾರ್ಕ್ಸ್ ಅರ್ಧ.

ಹೊನ್ನುಗದ್ಯಾಣ
ಕಲ್ಲನ್ನು ಗುಡಿ ಮುಂದಕ್ಕೆ ಸಾಗಿಸೋ ಮಾತೇನಾದರೂ ಇದೆಯಾ? ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸದೆ ಅಲ್ಲಾಡಿಸಬೇಡಿ. ಮುಖ ಯಾವ ದಿಕ್ಕಿಗಿತ್ತು, ತೂಬಿನಿಂದ ಎಷ್ಟು ಅಡಿ, ಜಿಪಿಎಸ್, ಎಲ್ಲ ಈಗಲೇ ಬರೆದಿಡಿ. ‘ಕೆಱೆಯ ಮೂಡಲು’ ಅಂತ ಶಾಸನ ಹೇಳಿದಾಗ ಕಲ್ಲು ಎಲ್ಲಿತ್ತು ಅಂತ ಗೊತ್ತಿಲ್ಲದಿದ್ದರೆ ಎಲ್ಲೆಕಟ್ಟು ಬಿಡಿಸೋಕಾಗಲ್ಲ.

ಮಸಿಬಟ್ಟೆ
@ತೂಬಿನಕಟ್ಟೆ 22 ಸಾಲಿನಲ್ಲಿ ಶಾಪಶ್ಲೋಕ ಸಿಕ್ಕಿತಾ? ಸಿಗದಿದ್ದರೆ ಬರಹ ಮುಂದೆ ಹೋಗಿದೆ ಅಂತ. ಎಡಬಲದ ದಪ್ಪ ಅಂಚು, ಹಿಂಭಾಗ ನೋಡಿದಿರಾ?

ತೂಬಿನಕಟ್ಟೆ
ಶ್ಲೋಕ ಇಲ್ಲ. ಬಲ ಅಂಚಿನ್ಯಾಗ ಅಕ್ಷರ ಅದಾವು, ಹಿಂದಿನ ಮುಖ ಏರಿ ಮಣ್ಣಿಗೆ ಹತ್ತಿ ನಿಂತದ.